ಹನ್ನೊಂದನೆಯ ಕಾಲಂ

ಜೂನ್ 3, ಮಂಗಳವಾರ

ಪ್ರೀತಿಯ ಅತ್ತೆ,

ಈ ವಿಷಯ ನಿಮಗೆ ಬರೆಯುವುದೇ ಬೇಡವೆಂದುಕೊಂಡಿದ್ದೆ. ಹೊಸ ಬಾಡಿಗೆ ಕೋಣೆ, ಕನ್ನಡಕದ ಪವರು ಹೆಚ್ಚಾದದ್ದು, ಕಿಟಕಿಯಾಚೆ ದಿನವಿಡೀ ಕಲ್ಲು ಕೊರೆಯುವ ಸದ್ದು, ಇಷ್ಟರಲ್ಲೇ ಒಂದು ಪುಟ ತುಂಬಿಸಿ ಕವರಿಗೂ ಹಾಕಿದ್ದೆ. ಆಮೇಲೆ ಅದನ್ನು ಹರಿದೆ. ನಿಮ್ಮ ಮದ್ದು ತೆಗೆದುಕೊಂಡವರೊಬ್ಬರು ನಮ್ಮ ವಾರ್ಡಿನಲ್ಲಿ ಮಲಗಿದ್ದಾರೆ.

ನನ್ನ ಕೆಲಸಕ್ಕೆ ನೀವೇ ಹೆಸರಿಟ್ಟಿದ್ದೀರಿ, 'ಊರವರ ಕಥೆ ಕೇಳಿ ಸಂಬಳ ತೆಗೆದುಕೊಳ್ಳುವ ಉದ್ಯೋಗ' ಎಂದು. ಯಕೃತ್ತಿನ ವಾರ್ಡಿಗೆ ಸೇರಿದವರ ಪಕ್ಕ ಕುರ್ಚಿ ಎಳೆದುಕೊಂಡು, ಏನು ತಿಂದಿರಿ, ಏನು ಕುಡಿದಿರಿ, ಯಾವ ಮಾತ್ರೆ ನುಂಗಿದಿರಿ ಎಂದು ಕೇಳಿ ಫಾರಂ ತುಂಬಿಸುತ್ತೇನೆ. ಡಾಕ್ಟರುಗಳಿಗೆ ಅಷ್ಟು ಹೊತ್ತು ಕೂರಲು ಪುರುಸೊತ್ತಿಲ್ಲ. ಅವರು ಓದುವುದು ನನ್ನ ಫಾರಂ. ಅದರ ಹನ್ನೊಂದನೆಯ ಕಾಲಂ: ಆಸ್ಪತ್ರೆಗೆ ಬರುವ ಮೊದಲು ಬೇರೆ ಮದ್ದು ತೆಗೆದುಕೊಂಡಿದ್ದರೆ ಏನು, ಯಾರಿಂದ?

ಇವರು ಶಾಲಾ ಬಸ್ಸಿನ ಡ್ರೈವರ್. ವಯಸ್ಸು ಐವತ್ತರ ಆಸುಪಾಸು. ಆ ಪ್ರಶ್ನೆ ಬಂದಾಗ ಗೋಡೆಯ ಕಡೆ ತಿರುಗಿದರು.

"ಹೇಳಬಾರದು ಮೇಡಂ. ಹೇಳಿದರೆ ಮದ್ದು ಹತ್ತುವುದಿಲ್ಲ."

"ಹಾಗಂತ ಯಾರು ಹೇಳಿದ್ದು?"

"ಕೊಟ್ಟವರೇ."

ನಾನು ಪೆನ್ನು ಕೆಳಗಿಟ್ಟು, "ನೋಡಿ, ಪೆನ್ನೂ ಇಲ್ಲ, ಈಗ ಹೇಳಿ" ಎಂದೆ. ಇದು ನಾನು ಎಲ್ಲರ ಹತ್ತಿರವೂ ಮಾಡುವ ಉಪಾಯ. ಅವರು ಹೇಳಿದರು. ಅಕ್ಕನ ಮನೆಗೆ ಹೋಗಿದ್ದಾಗ ಕಣ್ಣು ಹಳದಿಯಾಯಿತಂತೆ. ಅಕ್ಕ ಕರೆದುಕೊಂಡು ಹೋದಳಂತೆ. ಸೈಕಲ್ ಅಂಗಡಿಯ ಮೇಲಿನ ಕೋಣೆ, ಹೊಲಿಗೆ ಮಷೀನು, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡ, ಕಿವಿ ಸ್ವಲ್ಪ ಮಂದವಾದ ಅಮ್ಮ. ಒಣಗಿದ ಎಲೆಯ ಏಳು ಪೊಟ್ಟಣ, ಏಳು ಬೆಳಗು. ವಂದನೆ ಹೇಳಬೇಡ, ಯಾರಿಗೂ ತಿಳಿಸಬೇಡ, ವಾಸಿಯಾದರೆ ಇತ್ತ ಬರಬೇಡ. ಅವರು ನಿಮ್ಮ ಧಾಟಿಯಲ್ಲೇ ಹೇಳಿದರು ಅತ್ತೆ, ಬೆರಳು ಎತ್ತಿ.

ಮೊದಲಿಗೆ ಅವರಿಗಿದ್ದದ್ದು ಸಾಧಾರಣ ಕಾಮಾಲೆ. ನಾಲ್ಕನೆಯ ಪೊಟ್ಟಣದ ಹೊತ್ತಿಗೆ ಹೊಟ್ಟೆ ಊದಿಕೊಂಡಿತು. ಎಲೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಈಚೆಗೆ ಎಲೆಯನ್ನು ಬೇರೆ ಕಡೆಯಿಂದ ತರಿಸುತ್ತಿದ್ದೀರಾ? ಇಷ್ಟೇ ಕೇಳಬೇಕಿತ್ತು.

ಫಾರಂ ತುಂಬಿಸಿ ಕೊಟ್ಟಾಯಿತು.

ನಿಮ್ಮ ಕಡ್ಡಿ

—

ಜೂನ್ 12

ಕಡ್ಡಿಗೆ ಆಶೀರ್ವಾದ.

ನಿನ್ನ ಅಕ್ಷರ ಈಗಲೂ ಮಳೆಗೆ ಸಿಕ್ಕ ಇರುವೆ ಸಾಲು. ಇಂಗ್ಲಿಷ್ ಶಾಲೆಯವರು ನಿನಗೆ ಕನ್ನಡ ಬರೆಯಲು ಕಲಿಸಲಿಲ್ಲ, ರಜೆಯಲ್ಲಿ ನಾನು ಕಲಿಸಿದೆ. ಆದ್ದರಿಂದ ಬೈಯುವ ಹಕ್ಕೂ ನನ್ನದೇ.

ಫಾರಂ ಕೊಟ್ಟೆ ಅಂದೆ. ನನ್ನ ಹೆಸರು, ಬೀದಿ, ಸೈಕಲ್ ಅಂಗಡಿ ಎಲ್ಲ ಬರೆದಿರುತ್ತೀಯ. ಪತ್ರ ಓದಿ ಒಂದು ದಿನವೆಲ್ಲ ಸಿಟ್ಟು ಬಂದಿತ್ತು. ಯಾರದೋ ರವಿಕೆಯ ತೋಳು ಉಲ್ಟಾ ಹೊಲಿದೆ. ಮಾರನೆಯ ದಿನ ಬಿಚ್ಚಿ ಹೊಲಿಯುವಾಗ ಅನ್ನಿಸಿತು, ಸುಳ್ಳು ಬರೆಯುವವಳನ್ನು ನಾನು ಬೆಳೆಸಲಿಲ್ಲವಲ್ಲ. ಪೊಲೀಸರು ಬಂದರೆ ಬರಲಿ. ಅವರಲ್ಲೂ ಇಬ್ಬರಿಗೆ ನಾನೇ ಕಾಮಾಲೆ ಇಳಿಸಿದ್ದು.

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ, ನಿನಗೆ ಅತ್ತೆಯ ಎಲೆಯೂ ಅಷ್ಟೇ. ಮೂವತ್ತೆಂಟು ವರ್ಷ ಕೊಟ್ಟಿದ್ದೇನೆ. ವಾಸಿಯಾಗದೆ ವಾಪಸು ಬಂದವರು ಬೆರಳೆಣಿಕೆ. ಎಲೆ ಅದೇ ಗುಡ್ಡದ್ದು, ಕೀಳುವ ಕೈ ಅದೇ. ಅವನ ಹೊಟ್ಟೆಯೊಳಗೆ ಮೊದಲೇ ಏನಿತ್ತೋ ಯಾರು ಕಂಡರು?

ಮೊನ್ನೆ ಹಾಲು ಸೀದು ಪಾತ್ರೆ ಕರಕಲಾಯಿತು. ನಾನು ಒಲೆಯ ಪಕ್ಕದಲ್ಲೇ ಗುಂಡಿಯ ಕಾಜಾ ಹಾಕುತ್ತಾ ಕೂತಿದ್ದೆ. ಪಕ್ಕದ ಮನೆಯ ಟೀಚರಮ್ಮ ಮೂಗು ಮುಚ್ಚಿಕೊಂಡು ಓಡಿ ಬಂದು ಆರಿಸಿದಳು. "ಏನಮ್ಮ, ಧ್ಯಾನವೇ?" ಅಂದಳು. ವಯಸ್ಸು ಕಣೇ.

ಸರಿಯಾಗಿ ಊಟ ಮಾಡು. ಕಡ್ಡಿ ಅಂತ ಹೆಸರಿಟ್ಟದ್ದು ಹಾಗೇ ಉಳಿಯಲಿ ಅಂತಲ್ಲ.

ನಿನ್ನ ಅತ್ತೆ

—

ಜೂನ್ 20

ಪ್ರೀತಿಯ ಅತ್ತೆ,

ನಿಮ್ಮ ಪತ್ರವನ್ನು ಕ್ಯಾಂಟೀನಿನಲ್ಲಿ ಓದಿದೆ. ಎದುರಿನ ಕುರ್ಚಿ ಖಾಲಿ ಇತ್ತು, ಯಾರೋ ಬಂದು "ಇದು ಬೇಕೇ?" ಎಂದು ಕೇಳಿ ಎತ್ತಿಕೊಂಡು ಹೋದರು. ದಿನಕ್ಕೆ ಹದಿನಾಲ್ಕು ಜನರ ಬೆಳಗಿನಿಂದ ರಾತ್ರಿಯವರೆಗಿನ ಕಥೆ ಕೇಳುತ್ತೇನೆ. ಸಂಜೆ ಕೋಣೆಗೆ ಬಂದರೆ, ಇವತ್ತು ಏನು ತಿಂದೆ ಎಂದು ನನ್ನನ್ನು ಕೇಳುವವರಿಲ್ಲ. ದೂರಲ್ಲ ಇದು. ನೀವು ಊಟದ ಮಾತೆತ್ತಿದ್ದರಿಂದ ಬರೆದೆ.

ಹೋದ ವಾರ ನಮ್ಮ ಹಳೆಯ ರೆಕಾರ್ಡ್ ಕೋಣೆ ಖಾಲಿ ಮಾಡಿದರು. ನೂರು ವರ್ಷಕ್ಕೂ ಹಿಂದಿನ ರಿಜಿಸ್ಟರೊಂದು ಕೈಗೆ ಸಿಕ್ಕಿತು. ಆಗ ಕಾಮಾಲೆಯವರಿಗೆ ಪಾದರಸದ ಪುಡಿ ಕೊಡುತ್ತಿದ್ದರು, ಜಿಗಣೆ ಹಚ್ಚಿ ರಕ್ತ ತೆಗೆಯುತ್ತಿದ್ದರು. ಬರವಣಿಗೆ ಮುತ್ತಿನ ಹಾಗಿದೆ, ಅನುಮಾನದ ಒಂದು ಚುಕ್ಕೆಯೂ ಇಲ್ಲ. ಕೊನೆಯ ಕಾಲಂನಲ್ಲಿ ಎರಡೇ ಪದ, ವಾಸಿ ಅಥವಾ ಮರಣ. ಹೇಳದೆ ಕೇಳದೆ ಹಾಸಿಗೆ ಬಿಟ್ಟು ಹೋದವರ ಮುಂದೆಯೂ 'ವಾಸಿ' ಎಂದೇ ಇದೆ. ಮನೆಗೆ ಹೋಗಿ ಸತ್ತವರು ಪುಸ್ತಕದಲ್ಲಿ ಗುಣವಾಗಿದ್ದಾರೆ. ವಾಸಿಯಾದರೆ ಇತ್ತ ಬರಬೇಡ ಎನ್ನುವ ನಿಮ್ಮ ನಿಯಮ ನೆನಪಾಯಿತು. ಬರದವರನ್ನೆಲ್ಲ ನೀವೂ ವಾಸಿಯಾದವರ ಲೆಕ್ಕಕ್ಕೇ ಹಾಕಿಕೊಂಡಿರಲ್ಲವೇ?

ಇನ್ನೊಂದು ಮಾತು. ಇದನ್ನು ಇಪ್ಪತ್ತೈದು ವರ್ಷ ಹೇಳದೆ ಉಳಿಸಿಕೊಂಡಿದ್ದೆ. ಕಾಮಾಲೆಯಲ್ಲಿ ಹೆಚ್ಚಿನದು ಏನೂ ಕೊಡದಿದ್ದರೂ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕಾಲೇಜಿನ ಎರಡನೆಯ ವರ್ಷ ಇದನ್ನು ಓದಿದ ದಿನ ನಿಮ್ಮ ಮೆಟ್ಟಿಲ ಮೇಲೆ ಕಾಯುತ್ತಾ ಕೂತ ಜನ ಕಣ್ಣಿಗೆ ಕಟ್ಟಿದ್ದರು. ಹೇಳಲು ಬಾಯಿ ಬರಲಿಲ್ಲ. ಈಗ ಹೇಳಿದ್ದೂ ಸರಿಯೋ ಇಲ್ಲವೋ.

ಡ್ರೈವರ್ ಇನ್ನೂ ಇಲ್ಲೇ ಇದ್ದಾರೆ. ಡಾಕ್ಟರುಗಳು ಬೇರೆ ಕಾರಣ ನೋಡುತ್ತಿದ್ದಾರೆ.

ನಿಮ್ಮ ಕಡ್ಡಿ

—

ಜುಲೈ 1

ಕಡ್ಡಿಗೆ,

ತಾನಾಗಿ ಇಳಿಯುವುದು ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ನನ್ನ ಅಜ್ಜಿ ಎಲೆಯ ಹೆಸರು ನನ್ನ ಕಿವಿಯಲ್ಲಿ ಹೇಳಿದ ದಿನವೇ ಅದನ್ನೂ ಹೇಳಿದ್ದಳು. "ಎಲೆ ಒಂದು ಪಾಲು. ಉಳಿದ ಮೂರು ಪಾಲು ಏನು ಗೊತ್ತಾ? ಏಳು ದಿನ ಎಣ್ಣೆ ಬಿಡಿಸುವುದು, ಕುಡಿತ ಬಿಡಿಸುವುದು, ಮಲಗಿಸುವುದು. ಸುಮ್ಮನೆ ಮಲಗು ಅಂದರೆ ಯಾರು ಮಲಗುತ್ತಾರೆ? ಮದ್ದು ಅಂದರೆ ಮಲಗುತ್ತಾರೆ" ಅಂದಳು. ನೀನು ಇಪ್ಪತ್ತೈದು ವರ್ಷ ನನ್ನಿಂದ ಮುಚ್ಚಿಟ್ಟೆ, ನಾನು ನಿನ್ನಿಂದ. ಇಬ್ಬರೂ ಒಬ್ಬರನ್ನೊಬ್ಬರು ಚೆನ್ನಾಗಿ ಕಾಪಾಡಿದೆವು.

ರಿಜಿಸ್ಟರಿನ ವಿಷಯ ಓದಿ ಖುಷಿಯಾಯಿತು. ದೊಡ್ಡ ಡಾಕ್ಟರುಗಳೂ ನನ್ನ ಹಾಗೇ ಅಂತಾಯಿತಲ್ಲ. ನಾವು ಎಲೆ ಕೊಟ್ಟೆವು, ಅವರು ಪಾದರಸ ಕೊಟ್ಟರು. ಮೇಲೆ ಹೋದಾಗ ಯಾರ ಮುಂದೆ ಸಾಲು ಉದ್ದ ಇರುತ್ತದೋ ನೋಡೋಣ.

ಆದರೆ ಡ್ರೈವರಿಗೆ ನೀನು ಕೊಟ್ಟದ್ದು ಎರಡು ಸಾಲು, ಅದೂ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. 'ಬೇರೆ ಕಾರಣ' ಅಂದರೆ ಯಾವುದು? ನಿನ್ನ ಫಾರಂನಲ್ಲಿ ನನ್ನ ಎಲೆಯ ವಿಷಯ ಓದಿಯೂ ಬೇರೆ ಕಾರಣ ಹುಡುಕುತ್ತಾರೆಂದರೆ ನಿಮ್ಮವರಿಗೆ ನನ್ನ ಎಲೆಯ ಮೇಲೆ ನನಗಿಂತ ಹೆಚ್ಚು ನಂಬಿಕೆ. ಆ ಮನುಷ್ಯ ಹೇಗಿದ್ದಾನೆ, ಬರಿ.

ಈ ಮಂಗಳವಾರ ಇಬ್ಬರು ಬಂದಿದ್ದರು, ಒಬ್ಬನಿಗೆ ಕೊಟ್ಟೆ. ಇನ್ನೊಬ್ಬಳು ಬಸುರಿ ಅಂದಳು. ಅವಳನ್ನು ನಿಮ್ಮಂಥ ಕಡೆಗೇ ಕಳಿಸಿದೆ. ಅಷ್ಟು ಬುದ್ಧಿ ನನಗೂ ಇದೆ.

ಅತ್ತೆ

—

ಜುಲೈ 9

ಅತ್ತೆ,

ದಯವಿಟ್ಟು ಇಂದಿನಿಂದ ಯಾರಿಗೂ ಎಲೆ ಕೊಡಬೇಡಿ. ಮಂಗಳವಾರ ತೆಗೆದುಕೊಂಡವರ ಮನೆ ಗೊತ್ತಿದ್ದರೆ ಈಗಲೇ ಹೋಗಿ ಪೊಟ್ಟಣ ವಾಪಸು ತನ್ನಿ. ಉಳಿದದ್ದನ್ನು ಆಮೇಲೆ ಓದಿ.

ಡ್ರೈವರನ್ನು ನಿನ್ನೆ ಮನೆಗೆ ಕಳಿಸಿದರು. ಹೊರಡುವ ಮೊದಲು ನನ್ನ ಮೇಜಿನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಮೇಡಂ, ಮೂರು ಪೊಟ್ಟಣ ಉಳಿದಿದೆ. ಮದ್ದು ಅರ್ಧಕ್ಕೆ ಬಿಡಬಾರದಲ್ಲ?" "ನಿಮಗೆ ಹೇಳಿದ್ದರಿಂದಲೇ ಇಷ್ಟೆಲ್ಲ ಆಯಿತು, ಇನ್ನು ಯಾರಿಗೂ ಹೇಳದೆ ಮುಗಿಸುತ್ತೇನೆ" ಎಂದರು. ನಾನು ಕೈ ಚಾಚಿ ಆ ಮೂರನ್ನೂ ಇಸಿದುಕೊಂಡೆ.

ಕೋಣೆಗೆ ಬಂದು ಒಂದನ್ನು ಬಿಚ್ಚಿದೆ. ನಿಮ್ಮ ಎಲೆಯ ಹೆಸರು ನನಗೆ ಗೊತ್ತಿಲ್ಲ, ವಾಸನೆ ಗೊತ್ತು. ರಜೆಯಲ್ಲಿ ನೀವು ನನ್ನ ತಲೆ ಬಾಚುವಾಗ ಬೆರಳುಗಳಿಂದ ಬರುತ್ತಿತ್ತು, ಕರ್ಪೂರವನ್ನು ತುಕ್ಕು ಹಿಡಿದ ಡಬ್ಬಿಯಲ್ಲಿಟ್ಟ ಹಾಗೆ. ಹಾಸ್ಟೆಲಿಗೆ ಮರಳಿದ ಮೇಲೆ ಎರಡು ದಿನ ತಲೆಗೆ ಸ್ನಾನ ಮಾಡುತ್ತಿರಲಿಲ್ಲ, ಆ ವಾಸನೆ ಹೋಗದಿರಲಿ ಎಂದು. ಈ ಪೊಟ್ಟಣದಲ್ಲಿ ಒಣ ಹುಲ್ಲಿನ ವಾಸನೆ ಬಿಟ್ಟರೆ ಏನೂ ಇಲ್ಲ. ಮೂರನ್ನೂ ಬಿಚ್ಚಿ ನೋಡಿದೆ.

ಹಾಲು ಸೀದಾಗ ನೀವು ಒಲೆಯ ಪಕ್ಕದಲ್ಲೇ ಇದ್ದಿರಿ. ಅದನ್ನು ನಾನು ಒಂಟಿತನ ಎಂದು ಓದಿಕೊಂಡೆ. ನನ್ನದೇ ಒಂಟಿತನ ನಿಮ್ಮ ಪತ್ರದಲ್ಲಿ ಕಂಡಿತೇನೋ.

ಅತ್ತೆ, ನಿಮಗೆ ವಾಸನೆ ಗೊತ್ತಾಗುತ್ತಿದೆಯೇ?

ಕಡ್ಡಿ

—

ಜುಲೈ 26

ಅತ್ತೆ,

ಹದಿನೇಳು ದಿನವಾಯಿತು. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲವೆಂದು ಸೈಕಲ್ ಅಂಗಡಿಯವನಿಗೆ ಮಾಡಿದೆ. "ಅಮ್ಮ ಬೆಳಿಗ್ಗೆ ಕೊಡೆ ಹಿಡಿದು ಹೊರಟರೆ ಸಂಜೆಗೆ ಬರುತ್ತಾರೆ. ಮಷೀನಿನ ಸದ್ದೇ ಇಲ್ಲ. ಎಲ್ಲಿಗೆ ಅಂತ ಕೇಳಿದರೆ, ನಿನ್ನ ಚಕ್ರಕ್ಕೆ ಗಾಳಿ ಹಾಕು ಅಂತಾರೆ" ಎಂದ. ಆ ಬೈಗುಳ ಕೇಳಿ ಜೀವ ಬಂತು. ಆದರೂ ಒಂದು ಸಾಲು ಬರೆಯಿರಿ. ಸಿಟ್ಟಿನದ್ದಾದರೂ ಸರಿ.

ಕಡ್ಡಿ

—

ಆಗಸ್ಟ್ 6

ಕಡ್ಡಿಗೆ,

ಸಿಟ್ಟಿಲ್ಲ. ಕಾಲಿಗೆ ಬಿಡುವಿರಲಿಲ್ಲ.

ಎರಡು ವರ್ಷದ ಹಿಂದಿನ ಜ್ವರ ನೆನಪಿದೆಯಾ? ಅದು ಹೋಗುವಾಗ ಮೂಗನ್ನೂ ಕರೆದುಕೊಂಡು ಹೋಯಿತು. ಚಹಾ ಬಿಸಿನೀರಾಯಿತು. ಇವತ್ತು ಬರುತ್ತದೆ, ನಾಳೆ ಬರುತ್ತದೆ ಅಂತ ಕಾದೆ. ಗುಡ್ಡದಲ್ಲಿ ಆ ಗಿಡದ ಪಕ್ಕದಲ್ಲೇ ಅದರ ತದ್ರೂಪು ಇನ್ನೊಂದು ಬೆಳೆಯುತ್ತದೆ. ಕಣ್ಣಿಗೆ ಎರಡೂ ಒಂದೇ. ತಿಕ್ಕಿ ಮೂಸಿದರೆ ಮಾತ್ರ ಬೇರೆ. ಇಷ್ಟು ವರ್ಷ ಕಿತ್ತ ಕೈಗೆ ತಪ್ಪುತ್ತದೆಯೇ ಅಂದುಕೊಂಡೆ. ಟೀಚರಮ್ಮನನ್ನು ಕರೆದು ಮೂಸು ಅನ್ನಬಹುದಿತ್ತು. ಆದರೆ ಎಲೆಯನ್ನು ಒಬ್ಬರಿಗೆ ಮಾತ್ರ ತೋರಿಸಬೇಕು, ಆ ಒಬ್ಬರು ನೀನು ಅಂತ ನಾನು ಎಂದೋ ನಿಶ್ಚಯಿಸಿದ್ದೆ. ನೀನು ಬರಲಿಲ್ಲ. ನಾನು ಬಾ ಅನ್ನಲೂ ಇಲ್ಲ. ನಿನ್ನ ಆಸ್ಪತ್ರೆಯ ಮುಂದೆ ನನ್ನ ಪೊಟ್ಟಣ ಏನು ಮಹಾ ಅನ್ನಿಸುತ್ತಿತ್ತು.

ನಿನ್ನ ಪತ್ರ ಬಂದ ದಿನವೇ ಮಂಗಳವಾರದವನ ಮನೆಗೆ ಹೋದೆ. ಏಳೂ ಮುಗಿಸಿದ್ದ, ಚೆನ್ನಾಗಿದ್ದ. ಅವನನ್ನು ಆಸ್ಪತ್ರೆಗೆ ಕಳಿಸಿ ರಕ್ತ ನೋಡಿಸಿದೆ. ಆಮೇಲೆ ಎರಡು ವರ್ಷದಲ್ಲಿ ಯಾರಿಗೆಲ್ಲ ಕೊಟ್ಟೆ ಅಂತ ನೆನಪು ಮಾಡಿಕೊಂಡೆ. ಬರೆದಿಡಬಾರದು ಅನ್ನುವ ನಿಯಮಕ್ಕೆ ನನ್ನನ್ನೇ ಬೈದುಕೊಂಡೆ. ಮೂವತ್ತು ನಲವತ್ತು ಜನ ಇರಬೇಕು. ಇಪ್ಪತ್ತೆರಡು ಮನೆ ಸಿಕ್ಕಿತು. ಬಾಗಿಲು ತಟ್ಟಿ, "ವಾಸಿಯಾಯಿತಾ?" ಅಂತ ಕೇಳಿದೆ. ಮೂವತ್ತೆಂಟು ವರ್ಷದಲ್ಲಿ ಕೇಳದೇ ಇದ್ದ ಪ್ರಶ್ನೆ. ಹದಿನೆಂಟು ಜನ ನಕ್ಕು ಒಳಗೆ ಕರೆದರು. ಮೂರು ಜನ ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರಂತೆ. "ಹೇಳಲು ಬರಲಿಲ್ಲ ಅಮ್ಮ, ನಿಮಗೆ ಬೇಜಾರಾಗುತ್ತದೆ ಅಂತ" ಅಂದರು. ಒಂದು ಮನೆಯಲ್ಲಿ ಆಕೆ ಇಲ್ಲ. ಮಾರ್ಚಿನಲ್ಲಿ ಹೋದಳಂತೆ. ಗಂಡ ನನಗೆ ಕುರ್ಚಿ ಹಾಕಿದ, ನೀರು ಕೊಟ್ಟ. ನನ್ನಿಂದ ಆಯಿತೋ ಅಲ್ಲವೋ ಇನ್ನು ಯಾರೂ ಹೇಳಲಾರರು. ಅವಳ ರವಿಕೆ ನಾನೇ ಹೊಲಿಯುತ್ತಿದ್ದೆ. ಅಳತೆ ಈಗಲೂ ಬಾಯಿಪಾಠ.

ಎರಡೂ ಗಿಡದ ಎಲೆಯನ್ನು ಬೇರೆ ಬೇರೆ ಕಾಗದದಲ್ಲಿ ಮಡಚಿ ಇಟ್ಟಿದ್ದೇನೆ. ಯಾವುದು ಯಾವುದು ಅಂತ ನೀನೇ ಮೂಸಿ ಹೇಳಬೇಕು. ಹೆಸರು ಚೀಟಿಯಲ್ಲಿದೆ. ಕಿವಿಯಲ್ಲಿ ಹೇಳಬೇಕಾದದ್ದು, ಅಂಚೆಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಲ್ಯಾಬಿಗೆ ಕೊಡು. ಇನ್ನು ಇದು ಗುಟ್ಟಲ್ಲ. ಗೋಡೆಗೆ ಬೇಕಾದರೂ ಅಂಟಿಸು.

ನಿನ್ನ ವಿಷಯದಲ್ಲಿ ಒಂದೇ ಸಮಾಧಾನ. ನೀನು ಮೊದಲ ದಿನವೇ ಸತ್ಯ ಬರೆದು ಕೊಟ್ಟೆ. ಆ ಡ್ರೈವರಿಗಾದರೂ ಸರಿಯಾದ ಚಿಕಿತ್ಸೆ ಸಿಕ್ಕಿತಲ್ಲ.

ಅತ್ತೆ

—

ಆಗಸ್ಟ್ 16, ಶನಿವಾರ

ಪ್ರೀತಿಯ ಅತ್ತೆ,

ನಾನು ಬರೆದು ಕೊಟ್ಟಿರಲಿಲ್ಲ.

ಹನ್ನೊಂದನೆಯ ಕಾಲಂನಲ್ಲಿ 'ಇಲ್ಲ' ಎಂದು ಬರೆದೆ. ಕೆಳಗಿಟ್ಟ ಪೆನ್ನನ್ನು ಮತ್ತೆ ಎತ್ತಿ, ಅವರ ಎದುರಿಗೇ ಬರೆದೆ. ಸತ್ಯ ಬರೆಯುತ್ತಿದ್ದೇನೆ ಎಂದುಕೊಂಡು ಅವರು ಕಣ್ಣು ಮುಚ್ಚಿದರು. ನಿಮ್ಮ ಪ್ರತಿ ಪತ್ರದಲ್ಲೂ ನನ್ನ ಸತ್ಯದ ಬಗ್ಗೆ ಒಂದು ಮಾತು ಇರುತ್ತಿತ್ತು. ಪ್ರತಿ ಸಲವೂ ಅದನ್ನು ದಾಟಿ ಮುಂದಿನ ಸಾಲಿಗೆ ಹೋದೆ.

'ಬೇರೆ ಕಾರಣ' ಏನು ಎಂದು ಕೇಳಿದ್ದಿರಿ. ಕುಡಿತ. ಬೇರೆ ಮದ್ದು ತೆಗೆದುಕೊಂಡಿಲ್ಲ, ಸೋಂಕು ಇಷ್ಟು ಮಾಡುವಂಥದ್ದಲ್ಲ, ಹಾಗಾದರೆ ಗುಟ್ಟಾಗಿ ಕುಡಿಯುತ್ತಿರಬೇಕು ಎಂದು ಹಿರಿಯ ಡಾಕ್ಟರು ನಿರ್ಧರಿಸಿದರು. ಅವರದ್ದು ತಪ್ಪೆಂದು ನಾನು ಹೇಗೆ ಹೇಳಲಿ, ನನ್ನ ಫಾರಂ ನಂಬಿದ್ದೇ ಅವರ ತಪ್ಪು. ಡಿಸ್ಚಾರ್ಜ್ ಚೀಟಿಯಲ್ಲಿ ಅದೇ ಬರೆದರು. ಶಾಲೆಯವರು ಆ ಚೀಟಿ ನೋಡಿ, ಮಕ್ಕಳ ಬಸ್ಸು ಮುಟ್ಟಬೇಡ ಎಂದರು. ಜುಲೈಯಲ್ಲೇ ನನಗೆ ಇದೆಲ್ಲ ಗೊತ್ತಿತ್ತು. ಪೊಟ್ಟಣಗಳನ್ನು ಬೀರುವಿನಲ್ಲಿ ಸ್ವೆಟರಿನ ಕೆಳಗಿಟ್ಟು ಕೆಲಸಕ್ಕೆ ಹೋಗಿ ಬರುತ್ತಿದ್ದೆ.

ನಿಮ್ಮನ್ನು ಉಳಿಸಲು ಹಾಗೆ ಮಾಡಿದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡೆ. ಅದು ಪೂರ್ತಿ ನಿಜವಲ್ಲ. ಆ ಕಾಲಂನಲ್ಲಿ ನಿಮ್ಮ ಹೆಸರು ಬಂದರೆ ಇಂದಲ್ಲ ನಾಳೆ ಯಾರಾದರೂ, "ಇವರು ನಿಮಗೇನಾಗಬೇಕು?" ಎಂದು ಕೇಳುತ್ತಿದ್ದರು. ಇಷ್ಟು ವರ್ಷದಲ್ಲಿ ಈ ಕಟ್ಟಡದಲ್ಲಿ ಯಾರಿಗೂ ನಾನು ಎಲೆ ಮದ್ದು ಕೊಡುವವರ ಮನೆಯಲ್ಲಿ ಬೆಳೆದವಳು ಎಂದು ಹೇಳಿಲ್ಲ. ಉಳಿಸಿಕೊಂಡದ್ದು ನಿಮ್ಮನ್ನೋ ನನ್ನನ್ನೋ ಎಂದು ಕೇಳಿಕೊಂಡರೆ ಉತ್ತರ ನನಗೆ ಇಷ್ಟವಾಗುವುದಿಲ್ಲ. ನೀವು ಕೊಡೆ ಹಿಡಿದು ಇಪ್ಪತ್ತೆರಡು ಬಾಗಿಲು ತಟ್ಟಿದಿರಿ. ನಾನು ತಟ್ಟಬೇಕಾಗಿದ್ದದ್ದು ಒಂದೇ ಬಾಗಿಲು.

ಇವತ್ತು ಬೆಳಿಗ್ಗೆ ಅಲ್ಲಿಗೆ ಹೋಗಿದ್ದೆ. ಎರಡನೆಯ ಮಹಡಿ, ಹೊರಗೆ ಅವರ ಖಾಕಿ ಅಂಗಿ ಒಣಗುತ್ತಿತ್ತು. ಸ್ವಲ್ಪ ಗೆಲುವಾಗಿದ್ದಾರೆ, ಕಣ್ಣಿನ ಹಳದಿ ಇಳಿದಿದೆ. ನಿಂತುಕೊಂಡೇ ಎಲ್ಲ ಹೇಳಿದೆ. ಹೆಂಡತಿ ನನಗಲ್ಲ, ಗಂಡನಿಗೆ ಹೇಳಿದರು.

"ದಿನಾ ನೀವು ಮಲಗಿದ ಮೇಲೆ ನಿಮ್ಮ ಬಾಯಿ ಮೂಸಿ ನೋಡುತ್ತಿದ್ದೆ."

"ಗೊತ್ತಿತ್ತು. ಅದಕ್ಕೇ ಗೊರಕೆ ಹೊಡೆಯುತ್ತಿದ್ದೆ" ಎಂದರು ಅವರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಹೇಳಿದ್ದೇ ತಪ್ಪು ಮೇಡಂ. ಹೇಳಬಾರದು ಅಂದಿದ್ದರು" ಎಂದರು.

ಮದ್ದಿನ ಗುಟ್ಟು ಒಡೆದದ್ದರ ಬಗ್ಗೆ ಅವರು ಹೇಳಿದ್ದು. ಅದು ಹಾಗಲ್ಲ ಎಂದು ತಿಳಿಸಬಹುದಿತ್ತು. ಆದರೆ ನನಗೆ ಹೇಳಿದ್ದು ತಪ್ಪು ಎಂಬುದರಲ್ಲಿ ಅವರ ಮಾತು ಸರಿಯಾಗಿಯೇ ಇತ್ತು.

ಬಾಗಿಲವರೆಗೆ ಬಂದ ಹೆಂಡತಿ, "ಬಾಯಲ್ಲಿ ಹೇಳಿದ್ದು ಶಾಲೆಯವರಿಗೆ ಸಾಲದು. ಬರೆದು ಕೊಡಿ" ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಬರೆದಿದ್ದೇನೆ. ಹನ್ನೊಂದನೆಯ ಕಾಲಂನಲ್ಲಿ ನಾನು ಗೊತ್ತಿದ್ದೂ ಸುಳ್ಳು ತುಂಬಿಸಿದ್ದೆ ಎಂಬುದು, ರೋಗಿ ಹೇಳಿದ್ದು ಏನು ಎಂಬುದು, ಕೊಟ್ಟವರು ನನ್ನ ಸೋದರತ್ತೆ ಎಂಬುದು, ಎಲ್ಲವೂ ಒಂದೂವರೆ ಪುಟ. ಜೊತೆಗೆ ಆ ಮೂರು ಪೊಟ್ಟಣ, ನಿಮ್ಮ ಎರಡು ಎಲೆ, ಚೀಟಿ. ಎಲೆಗಳನ್ನು ಮೂಸಿದೆ. ಬಲಗಡೆ ಮಡಚಿದ ಕಾಗದದಲ್ಲಿರುವುದು ನಿಮ್ಮದು. ಎರಡಕ್ಕೂ ಗುರುತು ಹಾಕಿದ್ದೇನೆ. ಎಲೆಯ ಹೆಸರನ್ನು ಒಮ್ಮೆ ಜೋರಾಗಿ ಓದಿದೆ, ಕೋಣೆಯಲ್ಲಿ ಕೇಳುವವರು ಯಾರೂ ಇರಲಿಲ್ಲ.

ನಿಮ್ಮ ಬಾಗಿಲಿಗೂ ಅಧಿಕಾರಿಗಳು ಬರಬಹುದು. ಆ ಇಪ್ಪತ್ತೆರಡು ಮನೆಗಳ ವಿವರ ಈಗಲೇ ಬರೆದಿಡಿ, ಹೋದವಳದ್ದೂ. ನನ್ನ ಕೆಲಸ ಉಳಿಯುವುದು ಅನುಮಾನ. ಉಳಿಯದಿದ್ದರೆ ನಿಮ್ಮಲ್ಲಿಗೆ ಬರಲು ರಜೆ ಕೇಳುವ ತೊಂದರೆ ಇರುವುದಿಲ್ಲ. ಸಿಗದ ಮನೆಗಳನ್ನು ಇಬ್ಬರೂ ಹುಡುಕೋಣ.

ಆ ಬರಹವನ್ನು ಕೊಡುತ್ತೇನೆ ಎಂದು ಬರೆದು ಈ ಪತ್ರವನ್ನು ಈಗಲೇ ಅಂಚೆಗೆ ಹಾಕಬಹುದು. ಹಾಕುವುದಿಲ್ಲ. ನಾನು ಮಾಡದ್ದನ್ನು ಮಾಡಿದೆನೆಂದು ನೀವು ಈಗಾಗಲೇ ಎರಡು ತಿಂಗಳು ನಂಬಿದ್ದೀರಿ. ಹಿರಿಯ ಡಾಕ್ಟರು ವಾರ್ಡಿಗೆ ಬರುವುದು ಸೋಮವಾರ ಬೆಳಿಗ್ಗೆ ಒಂಬತ್ತು ಗಂಟೆಗೆ. ಅವರ ಕೈಗೆ ಕವರು ಕೊಟ್ಟು, ಅವರು ಓದಿ ಮುಗಿಸುವವರೆಗೆ ಎದುರಿಗೆ ನಿಂತು, ಆಮೇಲೆ ಗೇಟಿನ ಪಕ್ಕದ ಅಂಚೆ ಡಬ್ಬಿಗೆ ಇದನ್ನು ಹಾಕುತ್ತೇನೆ. ಈ ಪತ್ರ ನಿಮ್ಮ ಕೈಯಲ್ಲಿದ್ದರೆ ಅದು ಕೊಟ್ಟಾಯಿತು ಎಂದರ್ಥ.

ನಿಮ್ಮ ಕಡ್ಡಿ

ಅಂಚೆಗೆ ಹಾಕುವ ದಿನ: ಸೋಮವಾರ, ಆಗಸ್ಟ್ 18